ಗಾಜಿಲ್ಲದ ಬಳೆ

ಮದುವೆಯಾಗದ ಗಂಡಸಿನ ಮೇಜಿನ ಖಾನೆಯಲ್ಲಿ ಬಳೆ ಸಿಕ್ಕರೆ ಜನ ಏನೆಂದುಕೊಳ್ಳುತ್ತಾರೆ ಅನ್ನುವುದು ನಿಮಗೇ ಗೊತ್ತು. ಮೊನ್ನೆಯವರೆಗೂ ಶಹಾಪುರದ ನನ್ನ ಸ್ಟುಡಿಯೊದಲ್ಲಿ ಯಾರಾದರೂ ಪೆನ್ನು ಹುಡುಕುತ್ತ ಖಾನೆ ಎಳೆದರೆ ಸಾಕು, ಅದು ಗಡಗಡ ಉರುಳಿಕೊಂಡು ಮುಂದೆ ಬರುತ್ತಿತ್ತು, ಕರೆಯದೆ ಬಂದ ನೆಂಟನ ಹಾಗೆ. ಕರಿ ಬಣ್ಣದ ಲೋಹದ ಬಳೆ, ಒಂದೂವರೆ ಬೆರಳು ಅಗಲ. ಒಳಗೆ ಗಾಜು ಗೀಜು ಏನೂ ಇಲ್ಲ; ಈ ಕಡೆ ಕಣ್ಣಿಟ್ಟರೆ ಆ ಕಡೆಯ ಗೋಡೆ ಕಾಣುತ್ತದೆ. ಈಗ ಮಿರರ್‌ಲೆಸ್ ಅನ್ನುತ್ತಾರಲ್ಲ, ಆ ಕನ್ನಡಿಯಿಲ್ಲದ ಹೊಸ ಕ್ಯಾಮೆರಾಕ್ಕೆ ಬೇರೆ ಕಂಪನಿಯ ಹಳೆಯ ಲೆನ್ಸು ಕೂಡಿಸಲು ನಡುವೆ ಹಾಕುವ ಅಡಾಪ್ಟರ್ ಅದು.

ಪಕ್ಕದಲ್ಲಿ ಮೋಟಾರು ಸಾಮಾನಿನ ಅಂಗಡಿ ಇಟ್ಟಿರುವ ಮಲ್ಲಣ್ಣ ಅದನ್ನು ಮೊದಲ ಸಲ ಕಂಡಾಗ ಎರಡು ಬೆರಳು ತೂರಿಸಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದ.

"ಯಾವ ಮೋಟಾರಿಂದ್ರಿ ಇದು? ಪೈಪಿನ ಕಡೆ ಕೂಡೋದೇನು?"

"ಮೋಟಾರಿಂದಲ್ಲಪ. ಕ್ಯಾಮೆರಾದ್ದು. ಇದನ್ನ ಹಚ್ಚಿ ಲೆನ್ಸ್ ಹಾಕಬೇಕು."

"ಮತ್ತ ಆ ಲೆನ್ಸ್ ಎಲ್ಲದ?"

"ಲೆನ್ಸ್ ಇಲ್ಲ."

ಮಲ್ಲಣ್ಣ ಬಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ಕೂಸು ಹುಟ್ಟೂಕಿಂತ ಮೊದ್ಲ ಕುಲಾವಿ ಹೊಲಿಸ್ದಂಗಾತಲ್ರಿ ನಿಮ್ದು," ಅಂದ.

ನಾನೂ ನಕ್ಕೆ. ನಗದೆ ಏನು ಮಾಡಲಿ? ಪಾರ್ಸೆಲ್ಲಿನಲ್ಲಿ ಆ ಬಳೆ ತರಿಸಿ ಎರಡು ವರ್ಷವಾಗಿತ್ತು. ಅದಕ್ಕೆ ಕೂಡುವ ಲೆನ್ಸು ಸುರಪುರದಲ್ಲಿ, ಚಾಂದಪಾಷಾನ ಮನೆಯಲ್ಲಿತ್ತು. ಒಂದು ಕಾಲದಲ್ಲಿ ಚಾಂದ ಮತ್ತು ನಾನು ಯಾದಗಿರಿಯಲ್ಲಿ ಒಂದೇ ಸ್ಟುಡಿಯೊ ನಡೆಸಿದವರು. ಮಾತು ಬಿಟ್ಟು ಹದಿನಾರು ವರ್ಷ. ಮಾತಿಲ್ಲದವನ ಮನೆಯಲ್ಲಿರುವ ಲೆನ್ಸಿಗಾಗಿ ಅಡಾಪ್ಟರ್ ತರಿಸಿ ಇಟ್ಟುಕೊಂಡಿದ್ದೇನೆ ಎಂದು ಮೋಟಾರು ಸಾಮಾನಿನ ಮನುಷ್ಯನಿಗೆ ಹೇಗೆ ಹೇಳುವುದು? ನನಗೆ ನಾನೇ ಹೇಳಿಕೊಳ್ಳುವುದಕ್ಕೆ ಒಂದು ವರ್ಷ ಹಿಡಿಯಿತು.

ಅಡಾಪ್ಟರ್ ಎಂಬ ಹೆಸರು ಈಗಿನದು, ವಸ್ತು ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು. ಹುಟ್ಟೂರು ಗೋಗಿಯ ಆ ಮನೆಯಲ್ಲಿ ಯಾವ ಡಬ್ಬಿಗೂ ತನ್ನ ಸ್ವಂತ ಮುಚ್ಚಳ ಇರಲಿಲ್ಲ. ಮುಚ್ಚಳಗಳೆಲ್ಲ ಎಲ್ಲಿಂದಲೋ ಬಂದವು, ಡಬ್ಬಿಗಳು ಇನ್ನೆಲ್ಲಿಂದಲೋ. ಅವ್ವ ಹಳೆ ಸೀರೆಯ ಅಂಚು ಹರಿದು ಮುಚ್ಚಳದ ಸುತ್ತ ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಕೂಡಿಸಿಬಿಡುತ್ತಿದ್ದಳು. ನನ್ನ ಸಾಲೆಯ ಬುತ್ತಿ ಡಬ್ಬಿಯದೂ ಅದೇ ಕಥೆ. "ಡಬ್ಬಿಗಿ ಸೀರಿ ಉಡಿಸ್ಯಾರ" ಎಂದು ಜೊತೆಯವರು ಕಾಡಿಸಿದ್ದಕ್ಕೆ ಒಂದು ದಿನ ನಾನು ಆ ಅಂಚು ಬಿಚ್ಚಿ ಬಾವಿಗೆ ಎಸೆದೆ. ಸಾಲೆ ಮುಟ್ಟುವಷ್ಟರಲ್ಲಿ ಮುಚ್ಚಳ ಜಾರಿ ಶೇಂಗಾ ಹಿಂಡಿಯ ಖಾರದ ಪುಡಿಯೆಲ್ಲ ಪಾಟಿಚೀಲದಲ್ಲಿ ಚೆಲ್ಲಿತ್ತು. ಲೆಕ್ಕದ ನೋಟುಬುಕ್ಕು ಬಿಚ್ಚಿದ ಮಾಸ್ತರರು ಸೀನಿದ್ದು ಸೀನಿದ್ದೇ. ಅವತ್ತು ಅವ್ವ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಇನ್ನೊಂದು ಅಂಚು ಹರಿಯುತ್ತ ಕೇಳಿದಳು: "ಡಬ್ಬಿಗಿ ನಾಚಿಕಿ ಇಲ್ಲ, ಮುಚ್ಚಳಕ್ಕ ನಾಚಿಕಿ ಇಲ್ಲ. ನಡುವ ನಿನಗ ಯಾಕಪ?"



ಬಳೆಯ ವಿಷಯಕ್ಕೆ ಬರುತ್ತೇನೆ. ಹಳೆಯ ಕ್ಯಾಮೆರಾಗಳ ಹೊಟ್ಟೆಯಲ್ಲಿ ಒಂದು ಕನ್ನಡಿ ಇರುತ್ತಿತ್ತು. ಫೋಟೋ ತೆಗೆದಾಗೊಮ್ಮೆ ಅದು ಟಪ್ಪೆಂದು ಏಳಬೇಕು, ಇಳಿಯಬೇಕು. ಅದಕ್ಕೆ ಜಾಗ ಬಿಟ್ಟು ಲೆನ್ಸು ಒಂದಿಷ್ಟು ದೂರ ಕೂಡುತ್ತಿತ್ತು. ಹೊಸ ಕ್ಯಾಮೆರಾದವರು ಆ ಕನ್ನಡಿಯನ್ನೇ ಕಿತ್ತರು. ಹೊಟ್ಟೆ ಕರಗಿತು, ಲೆನ್ಸು ಹತ್ತಿರ ಬಂತು. ಆದರೆ ಹಳೆಯ ಲೆನ್ಸಿಗೆ ತನ್ನ ಹಳೆಯ ದೂರವೇ ಬೇಕು. ಅದಿಲ್ಲದಿದ್ದರೆ ಎಲ್ಲ ಮಬ್ಬು. ಹೋದ ಆ ದೂರವನ್ನು ಮತ್ತೆ ತಂದುಕೊಡುವುದಷ್ಟೇ ಬಳೆಯ ಕೆಲಸ. ಅಂದರೆ ನಾನು ಪಾರ್ಸೆಲ್ಲಿನಲ್ಲಿ ತರಿಸಿದ್ದು ಒಂದೂವರೆ ಬೆರಳು ಬಯಲು.

ಇಷ್ಟಾದರೂ ಕ್ಯಾಮೆರಾಕ್ಕೆ ಆ ಲೆನ್ಸಿನ ಗುರುತು ಹತ್ತುವುದಿಲ್ಲ. ಈ ಅಗ್ಗದ ಬಳೆಗಳಲ್ಲಿ ತಂತಿಯ ಸಂಬಂಧ ಇರುವುದಿಲ್ಲವಾದ್ದರಿಂದ "ಲೆನ್ಸ್ ಜೋಡಿಸಿಲ್ಲ" ಎಂದು ಪರದೆಯ ಮೇಲೆ ತೋರಿಸಿ ಮುಷ್ಕರ ಹೂಡುತ್ತದೆ. ಒಳಗೆಲ್ಲೋ ಅಡಗಿರುವ ಸೆಟ್ಟಿಂಗ್ ಹುಡುಕಿ, ಲೆನ್ಸ್ ಇಲ್ಲದೆಯೂ ಫೋಟೋ ತೆಗೆ ಎಂದು ನಾವು ಅಪ್ಪಣೆ ಕೊಡಬೇಕು. ನಾನು ಆ ಅಪ್ಪಣೆಯನ್ನು ಬಳೆ ಬಂದ ದಿನವೇ ಕೊಟ್ಟುಬಿಟ್ಟೆ. ನನ್ನಲ್ಲಿ ನಿಜವಾಗಿಯೂ ಲೆನ್ಸು ಇರಲಿಲ್ಲವಲ್ಲ.

ಹಾಗಾಗಿ ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನಾನೊಂದು ಚಟ ಮಾಡಿಕೊಂಡೆ. ಪಾಸ್‌ಪೋರ್ಟ್ ಫೋಟೋದ ಲೆನ್ಸು ಬಿಚ್ಚಿ, ಬರೀ ಬಳೆ ಹಾಕಿ, ಕ್ಯಾಮೆರಾವನ್ನು ಬಾಗಿಲ ಕಡೆ ಮುಖ ಮಾಡಿ ಇಡುವುದು. ಪರದೆಯ ಮೇಲೆ ಆಕಾರ ಅನ್ನುವುದೇ ಇರುವುದಿಲ್ಲ, ಬರೀ ಬಣ್ಣದ ನೆರಳು. ಬಿಸಿಲು ಏರಿದರೆ ಬೆಳ್ಳಗಾಗುತ್ತದೆ. ಬಾಗಿಲ ಹತ್ತಿರ ಕೆಂಪು ಸೀರೆಯವರು ಹೋದರೆ ಒಂದು ಗಳಿಗೆ ಕೆಂಪಾಗಿ ಮತ್ತೆ ಮೊದಲಿನಂತಾಗುತ್ತದೆ. ಯಾರೋ ಹೋದರು ಅನ್ನುವುದಷ್ಟೇ ತಿಳಿಯುತ್ತದೆ, ಯಾರು ಅಂತ ಇಲ್ಲ. ತಲೆ ಎತ್ತಿ ನೋಡಿದರೆ ಮುಗಿಯಿತು, ಆದರೆ ನಾನು ಎತ್ತುತ್ತಿರಲಿಲ್ಲ. ಒಬ್ಬನೇ ಇರುವ ಮನುಷ್ಯನಿಗೆ ಎಂತೆಂಥ ಚಟ ಹತ್ತುತ್ತವೆ ನೋಡಿ.

ಯಾದಗಿರಿಯ ಸ್ಟೇಷನ್ ರಸ್ತೆಯ ಆ ಸ್ಟುಡಿಯೊದಲ್ಲಿ ಹೀಗೆ ಕೂಡುವುದಕ್ಕೆ ಪುರುಸೊತ್ತೇ ಇರುತ್ತಿರಲಿಲ್ಲ. ಚಾಂದ ಮಾತಿನವನು, ನಾನು ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಳ್ಳುವವನು. ಗುರುಮಠಕಲ್ ಕಡೆಯ ಮದುವೆಗೆ ಹೋದರೆ ಅವನು ಬೀಗರೊಡನೆ ತೆಲುಗಿನಲ್ಲಿ ಹರಟುತ್ತಿದ್ದ, ನಮ್ಮ ಕಡೆಯವರೊಡನೆ ಕನ್ನಡ, ಅಡುಗೆಯವರ ಹತ್ತಿರ ದಖ್ನಿ ಉರ್ದು. ಸಿಟ್ಟಿಗೆದ್ದು ಕೂತ ವರನ ಸೋದರಮಾವನನ್ನು ನಗಿಸಿ ಫೋಟೋಕ್ಕೆ ತಂದು ನಿಲ್ಲಿಸುವುದು ಅವನ ಕೆಲಸ, ನಕ್ಕಾಗ ಒತ್ತುವುದು ನನ್ನ ಕೆಲಸ. "ಆ ಮಾತಾಡೋ ಫೋಟೋದವ, ಈ ಸುಮ್ಕಿರೋ ಫೋಟೋದವ" ಎಂದೇ ಊರವರು ನಮ್ಮನ್ನು ಗುರುತಿಸುತ್ತಿದ್ದರು. ಸಾವಿರ ಮದುವೆಯ ಫೋಟೋ ತೆಗೆದ ನಾನು ನನ್ನ ಮದುವೆಯದೊಂದು ತೆಗೆಸಿಕೊಳ್ಳಲಿಲ್ಲ. ಅದರ ಕೊರತೆ ಆಗ ತಿಳಿಯಲೂ ಇಲ್ಲ. ಹಬ್ಬ ಅವರದಿರಲಿ ನಮ್ಮದಿರಲಿ ನನ್ನ ಊಟ ಚಾಂದನ ಮನೆಯಲ್ಲೇ. ಅವನ ಹೆಂಡತಿಯನ್ನು ನಾನು ಭಾಬಿ ಅನ್ನುತ್ತಿದ್ದೆ. ಆಕೆ ನನ್ನ ತಾಟಿಗೆ ಕೇಳದೆ ಇನ್ನೊಂದು ರೊಟ್ಟಿ ಹಾಕುತ್ತಿದ್ದರು.

ಸ್ಟುಡಿಯೊದ ದೊಡ್ಡ ಆಸ್ತಿ ಚಾಂದನ ಒನ್ ತರ್ಟಿಫೈವ್ ಲೆನ್ಸು. ನೂರಾ ಮೂವತ್ತೈದು ಮಿಲಿಮೀಟರಿನ, ದೂರದ ಮುಖವನ್ನು ಹತ್ತಿರ ತರುವ ಗಟ್ಟಿ ಲೋಹದ ಲೆನ್ಸು. ಹೈದರಾಬಾದಿನಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ದಾರಿಯುದ್ದಕ್ಕೂ ನೀರು ಕುಡಿಯಲೂ ಏಳಲಿಲ್ಲವಂತೆ. ಅಕ್ಕಿಕಾಳು ಬೀಳುವ ಹೊತ್ತಿನಲ್ಲಿ ನೂರು ಕೈ ಅಡ್ಡ ಬರುತ್ತವೆ, ಫೋಕಸ್ ಹುಡುಕುತ್ತ ನಿಂತರೆ ಮದುವೆಯೇ ಮುಗಿದಿರುತ್ತದೆ. ಅದಕ್ಕೆ ಅವನೊಂದು ಉಪಾಯ ಮಾಡಿದ್ದ. ಮದುಮಕ್ಕಳಿಂದ ಅಳೆದು ಆರು ಹೆಜ್ಜೆ ಹಿಂದೆ ನಿಲ್ಲುವುದು. ಆ ಆರು ಹೆಜ್ಜೆಯ ಫೋಕಸ್ ಎಲ್ಲಿ ಕೂಡುತ್ತದೋ ಅಲ್ಲಿ ಲೆನ್ಸಿನ ರಿಂಗಿನ ಮೇಲೆ ಭಾಬಿಯ ಉಗುರು ಬಣ್ಣದ ಒಂದು ಬೊಟ್ಟು. ಒಂದರ ಮೇಲೊಂದು ಹಚ್ಚಿ ಬೆರಳಿಗೆ ಹತ್ತುವಷ್ಟು ದಪ್ಪ ಮಾಡಿದ್ದ. ರಿಂಗ್ ತಿರುಗಿಸುತ್ತ ಹೋದರೆ ಬೊಟ್ಟು ಬೆರಳ ತುದಿಗೆ ಬಂದು ನಿಲ್ಲುತ್ತಿತ್ತು; ಕಣ್ಣು ಬೇಕಾಗಿರಲಿಲ್ಲ. ನಾನು ಕ್ಯಾಮೆರಾ ಹಿಡಿದು ಹಿಂದೆ ಸರಿದರೆ ಅವನು ಬಾಯಿಬಿಟ್ಟು ಹೆಜ್ಜೆ ಎಣಿಸುತ್ತಿದ್ದ. "ಐದು... ಆರು ಆತು, ನಿಂದ್ರು."

ಇನ್ನು ನನ್ನ ತಪ್ಪಿನ ಮಾತು. ಡಿಜಿಟಲ್ ಬಂದ ಕಾಲ. ಒಂದು ದಿನ ನಾನು ಚಾಂದನನ್ನು ಕೇಳದೆ ಹೊಸ ಕ್ಯಾಮೆರಾ ತಂದೆ, ಬೇರೆ ಕಂಪನಿಯದು. ಅವನ ಲೆನ್ಸುಗಳು ಅದಕ್ಕೆ ಕೂಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಕನ್ನಡಿಯ ಕ್ಯಾಮೆರಾ ಅದು, ಬಳೆ ಹಾಕಲೂ ಅಲ್ಲಿ ಜಾಗ ಇರಲಿಲ್ಲ. ಮೇಜಿನ ಮೇಲಿಟ್ಟು ಟವೆಲ್ಲು ಸರಿಸಿದೆ. ಚಾಂದ ತನ್ನ ಒನ್ ತರ್ಟಿಫೈವ್ ತಂದು ಅದರ ಬಾಯಿಗೆ ಹಿಡಿದ. ಒಮ್ಮೆ ತಿರುಗಿಸಿದ, ಇನ್ನೊಮ್ಮೆ ತಿರುಗಿಸಿದ.

"ಕೂಡಂಗಿಲ್ಲ ಇದು," ಅಂದ.

"ಹೌದು, ಕೂಡಂಗಿಲ್ಲ."

"ನನ್ನ ಒಂದ್ ಮಾತು ಕೇಳಲಿಲ್ಲ ನೀ."

"ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂತಿದ್ದೆ. ಆದ್ರೂ ಕೇಳಬೇಕಾಗಿತ್ತು."

ಆ ಮಾತಿಗೆ ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಸುಮ್ಕಿರೋ ಫೋಟೋದವ, ಸುಮ್ಮನಿದ್ದೆ.

ಮಾತು ಕೆಟ್ಟು ಸ್ಟುಡಿಯೊ ಒಡೆಯಿತು. ನ್ಯಾಯಕ್ಕೆ ಕೂತವರು ಪರಿಚಯದ ಹತ್ತಿ ಸಾಹುಕಾರರು, ದೊಡ್ಡ ಮನುಷ್ಯರು. ಹೊಸ ಕ್ಯಾಮೆರಾ ತಂದವನಿಗೇ ಇರಲಿ ಅಂದರು. ಉಳಿದದ್ದು ಎರಡು ಹಳೆಯ ಕ್ಯಾಮೆರಾ, ಅವಕ್ಕೆ ಕೂಡುವ ಮೂರು ಲೆನ್ಸು. ಸಾಹುಕಾರರು ಈ ಅಂಗೈಯಲ್ಲಿ ಕ್ಯಾಮೆರಾಗಳನ್ನು, ಆ ಅಂಗೈಯಲ್ಲಿ ಲೆನ್ಸುಗಳನ್ನು ಹತ್ತಿಯ ಹಾಗೆ ತೂಗಿ ನೋಡಿದರು. "ತೂಕ ಸಮ ಅದ ನೋಡ್ರಿ. ಕ್ಯಾಮೆರಾ ಒಬ್ಬರು ಒಯ್ರಿ, ಲೆನ್ಸ್ ಒಬ್ಬರು ಒಯ್ರಿ. ತಕರಾರು ಬ್ಯಾಡ." ಕೂತವರೆಲ್ಲ ಭೇಷ್ ಅಂದರು. ಲೆನ್ಸಿಲ್ಲದ ಕ್ಯಾಮೆರಾ, ಕ್ಯಾಮೆರಾ ಇಲ್ಲದ ಲೆನ್ಸು ಎರಡೂ ಪೆಟ್ಟಿಗೆಗೆ ಹಾಕುವ ಸಾಮಾನು ಅಂತ ಆ ಜಾಗದಲ್ಲಿ ಇಬ್ಬರಿಗೇ ಗೊತ್ತಿತ್ತು. ಚಾಂದ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಇಬ್ಬರಲ್ಲಿ ಒಬ್ಬ ನಕ್ಕಿದ್ದರೂ ಸಾಕಾಗಿತ್ತು. ಲೆನ್ಸು ಅವನು, ಹಳೆಯ ಕ್ಯಾಮೆರಾ ನಾನು, ಇಬ್ಬರೂ ನಮ್ಮ ನಮ್ಮ ಪಾಲು ಗಂಟು ಕಟ್ಟಿದೆವು.

ನಾನು ಶಹಾಪುರಕ್ಕೆ ಬಂದೆ, ಅವನು ಸುರಪುರಕ್ಕೆ ಹೋಗಿ ಅಂಗಡಿ ಹಾಕಿದ. ನಡುವೆ ಬಸ್ಸಿನ ಸಣ್ಣ ದಾರಿ. ಆ ಕಡೆಯ ಮದುವೆಗೆ ಕರೆ ಬಂದರೆ ಅವತ್ತು ಬೇರೆ ಕೆಲಸ ಇದೆ ಎಂದು ಸುಳ್ಳು ಹೇಳುತ್ತಿದ್ದೆ. ಹುಣಸಗಿಗೆ ಹೋಗಬೇಕಾದಾಗ ಬಸ್ಸು ಸುರಪುರ ನಿಲ್ದಾಣದಲ್ಲಿ ನಿಂತರೆ ಕಿಟಕಿಯಿಂದ ಮುಖ ಈಚೆ ತಿರುಗಿಸಿ ಕೂಡುತ್ತಿದ್ದೆ, ಯಾರೋ ನನ್ನನ್ನು ಹುಡುಕುತ್ತಿದ್ದಾರೇನೋ ಎಂಬಂತೆ. ಯಾರೂ ಹುಡುಕುತ್ತಿರಲಿಲ್ಲ. ಫೋನುಗಳು ಬಂದು ಮದುವೆಯ ಕೆಲಸವೂ ಕಡಿಮೆಯಾಯಿತು. ಈಗ ಭಾನುವಾರ ಭಾನುವಾರ ಊರ ಹೊರಗೆ ಹೋಗಿ ಮಲಗಿದ ಬುದ್ಧನ ಆಕಾರದ ಗುಡ್ಡದ ಫೋಟೋ ತೆಗೆದು ಬರುತ್ತೇನೆ. ಎಷ್ಟು ಹೊತ್ತು ಕಾಯಿಸಿದರೂ ಅಲ್ಲಾಡದ ಗಿರಾಕಿ ಅದೊಂದೇ.

ಅಂಥ ಹಳೆಯ ಲೆನ್ಸು ಬೇರೆ ಎಲ್ಲೂ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಸಿಗುತ್ತವೆ, ಬೇಕಾದಷ್ಟು. ಬಳೆ ತರಿಸಿದ ಕಡೆಯೇ ಸಿಗುತ್ತಿದ್ದವು. ಆದರೆ ನನಗೆ ಬೇಕಾಗಿದ್ದದ್ದು ಲೆನ್ಸಲ್ಲ. ಚಾಂದ ಬೇಕಾಗಿದ್ದ. ಸುಮ್ಮನೆ ಅವನ ಬಾಗಿಲಿಗೆ ಹೋಗಿ ನಿಲ್ಲುವ ಧೈರ್ಯ ಇರಲಿಲ್ಲ, ಕೈಯಲ್ಲೊಂದು ಕೆಲಸ ಬೇಕಾಗಿತ್ತು. ಅದಕ್ಕೇ ಬಳೆ. ತರಿಸಿದ ಮೇಲೆ ಹೋಗುವ ಧೈರ್ಯವೂ ಪಾರ್ಸೆಲ್ಲಿನಲ್ಲಿ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ.

ಹೋದ ವಾರ ಸುರಪುರದ ಒಬ್ಬ ಹೆಣ್ಣುಮಗಳು ಫೋಟೋಕ್ಕೆ ಬಂದರು. ಶಹಾಪುರದಲ್ಲಿ ಅವರ ತಂಗಿಯ ಮನೆಯಂತೆ. ಸೆರಗು ಸರಿಮಾಡಿಕೊಳ್ಳುತ್ತ ಮಾತಿಗೆ ಮಾತು ಅಂದರು: "ನಮ್ಮೂರಾಗ ತೆಗಿಸಿಕೊಂಡು ಬರ್ತಿದ್ದೆರಿ. ಆ ಚಾಂದಪಾಷಾನ ಅಂಗಡಿ ಬಂದ್ ಆಗ್ಯಾದ. ಸಕ್ಕರಿ ಬ್ಯಾನಿ ಅಂತ, ಕಣ್ಣು ಹೋಗ್ಯಾವ ಪಾಪ."

ನಾನು ಒತ್ತಿದ ಫೋಟೋದಲ್ಲಿ ಆಕೆಯ ಅರ್ಧ ತಲೆ ಬಂದಿರಲಿಲ್ಲ. ಮತ್ತೆ ತೆಗೆಯಬೇಕಾಯಿತು.

ಬುಧವಾರ ಅಂಗಡಿಗೆ ಬೀಗ ಹಾಕಿ, ಕ್ಯಾಮೆರಾ ಬಳೆ ಎರಡೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೋಗಬಾರದೆಂದು ಸುರಪುರದ ನಿಲ್ದಾಣದಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡೆ. ಓಣಿಯ ಏರು ಹತ್ತುವಾಗ ಸಕ್ಕರೆ ಬೇನೆ ನೆನಪಾಯಿತು. ಕಟ್ಟೆಯ ಮೇಲೆ ಕೂತು ನಾನೇ ಎರಡು ತಿಂದೆ, ಉಳಿದವನ್ನು ಹಾದಿಯ ಆಕಳಿಗೆ ಕೊಟ್ಟೆ. ಅದೆಲ್ಲ ತಡ ಮಾಡುವ ಉಪಾಯ ಅಂತ ನನಗೂ ಗೊತ್ತಿತ್ತು.

ಬಾಗಿಲು ತೆರೆದವರು ಭಾಬಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಯಾರ್ರಿ?"

"ನಾ ಶರಣಪ್ಪ ರಿ, ಭಾಬಿ."

ಆಕೆ ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ಒಳಗೆ ತಿರುಗಿ, "ಅಜಿ, ಶರಣಪ್ಪ ಭಾಯಿ ಆಯೇ," ಎಂದು ನಾನು ಬಂದದ್ದನ್ನು ಗಂಡನಿಗೆ ಹೇಳಿದರು. ನನಗೆ ತಿರುಗಿ ಹೋಗಿಬಿಡೋಣ ಅನ್ನಿಸಿತು.

"ಕೂಡಾಕ ಹೇಳು," ಎಂದಿತು ಕೊನೆಗೆ ಒಂದು ದನಿ. ನನಗೆ ಹೇಳಿದ್ದಲ್ಲ, ಭಾಬಿಗೆ.

ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಚಾಂದ ಕೂತಿದ್ದ. ಗಡ್ಡ ಬಿಟ್ಟಿದ್ದ. ನಾನಿದ್ದ ಕಡೆ ಮುಖ ಮಾಡಿದ, ಆದರೆ ಕಣ್ಣು ನನ್ನ ಭುಜದ ಆಚೆಗೆ ನೋಡುತ್ತಿದ್ದವು. ಭಾಬಿ ಚಹಾ ತಂದರು. ಕುಡಿದು ಕಪ್ಪು ಕೆಳಗಿಟ್ಟೆ.

"ಏನರ ಕಾಣತದೇನು?" ನಾನೇ ಕೇಳಿದೆ.

"ಬಣ್ಣ ಕಾಣತದ. ಬಿಳಿ ಅಂಗಿ ಹಾಕ್ಕೊಂಡಿ. ಮಂದಿ ಹಾದು ಹೋಗೋದು ಗೊತ್ತಾಗತದ, ಯಾರಂತ ಗೊತ್ತಾಗಂಗಿಲ್ಲ."

ಅದು ಹೇಗಿರುತ್ತದೆ ಅಂತ ನನಗೆ ಗೊತ್ತಿತ್ತು. ಎರಡು ವರ್ಷ ಮಧ್ಯಾಹ್ನ ಮಧ್ಯಾಹ್ನ ಅದನ್ನೇ ನೋಡುತ್ತ ಕೂತವನು ನಾನು. ಆದರೆ ನಾನು ತಲೆ ಎತ್ತಬಹುದಿತ್ತು.

"ಆ ನಿನ್ನ ಒನ್ ತರ್ಟಿಫೈವ್ ಈಗ ಕೂಡತದ," ಅಂದೆ. "ಹೊಸಾ ಕ್ಯಾಮೆರಾಕ್ಕ. ನಡುವ ಹಾಕಾಕ ಬಳಿ ಬಂದಾವ."

ಕೈ ಚಾಚಿದ. ಬಳೆ ಕೊಟ್ಟೆ. ಬೆರಳು ತೂರಿಸಿ ಸುತ್ತ ಸವರಿದ.

"ಒಳಗ ಗಾಜಿಲ್ಲ."

"ಇಲ್ಲ."

"ಬರೇ ಜಾಗ."

"ಹೌದು. ಬರೇ ಜಾಗ."

"ಇಷ್ಟಕ್ಕ ಹದಿನಾರು ವರ್ಷ ಬೇಕಾತೇನು?"

ಈ ಸಲ ಸುಮ್ಮನಿರಲಿಲ್ಲ. "ನಿನ್ನ ಕೇಳಬೇಕಾಗಿತ್ತು, ಚಾಂದ. ಕೇಳದ ತಂದೆ."

"ಹೌದು," ಅಂದ. "ಕೇಳಬೇಕಾಗಿತ್ತು."

ಅಷ್ಟೇ ಅಂದ. ಭಾಬಿ ಒಳಗೆ ಹೋಗಿ ಅಲಮಾರಿಯಿಂದ ಒಂದು ಗಂಟು ತಂದು ನನ್ನ ಕೈಗಿಟ್ಟರು. "ಒಯ್ರಿ ಭಾಯಿ. ನೀವ ಇಟ್ಕೋರಿ. ಇಲ್ಲಿ ಇನ್ನ ಯಾರು ಹಚ್ಚವರಿದ್ದಾರ?" ಚಾಂದ ಬೇಡ ಅನ್ನಲಿಲ್ಲ. ಕೊಡಲಾರೆ ಅಂದರೆ ಏನು ಹೇಳಬೇಕು ಎಂಬುದನ್ನು ಎರಡು ವರ್ಷ ತಾಲೀಮು ಮಾಡಿದ್ದೆ; ಇಟ್ಟುಕೋ ಅಂದರೆ ಎಷ್ಟು ನೋಯುತ್ತದೆ ಎಂಬುದು ತಿಳಿದಿರಲಿಲ್ಲ. ಇಟ್ಟುಕೋ ಅಂದರೆ ಮತ್ತೆ ಬರುವ ಕೆಲಸವಿಲ್ಲ ಅಂತ ಅಲ್ಲವೇ?

ಬಟ್ಟೆ ಬಿಚ್ಚಿದೆ. ವರ್ಷಗಟ್ಟಲೆ ಮುಟ್ಟದ ಲೆನ್ಸುಗಳನ್ನು ನಾನು ಕಂಡವನು. ಒಳಗಿನ ಗ್ರೀಸು ಒಣಗಿ ಗಟ್ಟಿಯಾಗಿ, ರಿಂಗು ತಿರುಗಿಸಲು ಬಟ್ಟೆ ಸುತ್ತಿ ಹಲ್ಲು ಕಚ್ಚಬೇಕಾಗುತ್ತದೆ. ಇದೂ ಹಾಗೇ ಇರಬೇಕೆಂದು ಬಲವಾಗಿ ಹಿಡಿದು ತಿರುಗಿಸಿದೆ. ಅದು ಬೆಣ್ಣೆಯ ಹಾಗೆ ತಿರುಗಿತು. ಇನ್ನೊಮ್ಮೆ ತಿರುಗಿಸಿದೆ. ಭಾಬಿಯ ಮುಖ ನೋಡಿದೆ.

"ಪ್ರತಿ ಶುಕ್ರವಾರ ನಮಾಜ್ ಮುಗಿಸಿ ಬಂದು ಅದನ್ನ ತಿರುಗಿಸ್ಕೋತ ಕೂಡ್ತಾರ್ರಿ," ಅಂದರು ಆಕೆ. "ಯಾಕ ಅಂತ ಕೇಳಿದ್ರ ಹೇಳಂಗಿಲ್ಲ."

ಚಾಂದ ಚಹಾದ ಕಪ್ಪನ್ನು ಹೊರಸಿನ ಕೆಳಗಿಡಲು ಜಾಗ ತಡಕುತ್ತಿದ್ದ.

ಬಳೆ ಹಾಕಿ ಲೆನ್ಸು ಕೂಡಿಸಿದೆ. ಟಕ್ ಅಂತ ಕೂತಿತು. ಆ ಸದ್ದಿಗೆ ಅವನ ತಲೆ ಈಚೆ ಹೊರಳಿತು. ಪರದೆಯ ಮೇಲೆ ಅಂಗಳ ಮೂಡಿತು, ಒಣಹಾಕಿದ ಬಟ್ಟೆ, ಗೋಡೆ, ಮಬ್ಬಾಗಿ ಚಾಂದ. ಬೆರಳಿನಿಂದ ರಿಂಗು ಸವರಿದೆ. ಉಗುರು ಬಣ್ಣ ಉದುರಿ ಕೆಂಪು ಹೋಗಿತ್ತು, ಬೊಟ್ಟಿನ ಉಬ್ಬು ಮಾತ್ರ ಇತ್ತು. ಅದು ಬೆರಳ ತುದಿಗೆ ಬರುವವರೆಗೆ ತಿರುಗಿಸಿ, ಹೊರಸಿನಿಂದ ಹಿಂದೆ ಹಿಂದೆ ಸರಿದೆ. ನನ್ನ ಚಪ್ಪಲಿಯ ಸದ್ದು ಅಂಗಳದ ಕಲ್ಲಿನ ಮೇಲೆ ಕೇಳುತ್ತಿತ್ತು.

"ಆರು ಆತು," ಅಂದ ಚಾಂದ. "ನಿಂದ್ರು."

ನಿಂತೆ. ಗಡ್ಡದ ಒಂದೊಂದು ಕೂದಲೂ ಕಾಣುತ್ತಿತ್ತು. ಒಂದು ಸಾಕಾಗಿತ್ತು, ಮೂರು ಸಲ ಒತ್ತಿದೆ. ಮೊದಲಾಗಿದ್ದರೆ ರೀಲು ಹಾಳು ಅಂತ ಚಾಂದ ಬಯ್ಯುತ್ತಿದ್ದ.

ಹೊರಟಾಗ ಭಾಬಿ ಬಾಗಿಲವರೆಗೆ ಬಂದರು. ಚಾಂದ ಹೊರಸಿನಿಂದ ಏಳಲಿಲ್ಲ. ಮೆಟ್ಟಿಲು ಇಳಿದಿದ್ದೆ, ಒಳಗಿನಿಂದ ದನಿ ಬಂತು.

"ಶರಣ್ಯಾ."

ಹಾಗೆ ನನ್ನನ್ನು ಕರೆಯುವವರು ಈಗ ಯಾರೂ ಇಲ್ಲ. "ಏನು?" ಅಂದೆ.

"ಶುಕ್ರವಾರಕ್ಕ ವಾಪಸ್ ತರಬೇಕು ಅದನ್ನ. ತಿರುಗಿಸೋದಿರತದ."

ಇವತ್ತು ಗುರುವಾರ. ನಾಳೆಯ ಸುರಪುರದ ಬಸ್ಸು ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯಿಂದ ಮಲ್ಲಣ್ಣನನ್ನು ಮೂರು ಸಲ ಕೇಳಿದ್ದೇನೆ. "ದಿನಾ ಹೋಗೋ ಬಸ್ಸಲ್ಲೇನ್ರಿ ಅವು," ಅಂದ ಅವನು, "ತಪ್ಪಿದ್ರ ಇನ್ನೊಂದು ಬರತದ." ತಪ್ಪಿಸಿಕೊಳ್ಳುವುದಿಲ್ಲ ಅಂತ ಅವನಿಗೆ ಹೇಳಿದೆ.